ಪ್ರಶ್ನೋತ್ತರ: ಹೈಬ್ರಿಡ್ ಕಾರಿನ ದಿನನಿತ್ಯದ ಆರೈಕೆ

ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಜೊತೆಯಾಗಿ ದುಡಿಯುವ ಹೈಬ್ರಿಡ್ ಕಾರುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಬಾರಿ ಉತ್ತರಿಸಿದ್ದೇನೆ. ಪ್ರಶ್ನೆಗಳಲ್ಲಿ ಬಹುಪಾಲು ದೊಡ್ಡ ಬ್ಯಾಟರಿ ಕೈಕೊಟ್ಟೀತೆಂಬ ಭಯದಿಂದ ಹುಟ್ಟಿದವು. ಆ ಭಯ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಆದರೆ ಮಾಲೀಕರನ್ನು ನಡುದಾರಿಯಲ್ಲಿ ನಿಲ್ಲಿಸುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಚಿಕ್ಕದಾದ, ಯಾರೂ ಗಮನ ಕೊಡದ ಭಾಗಗಳು. ಆದ್ದರಿಂದ ಅವುಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಲ್ಲಿ ಹೇಳಿರುವುದೆಲ್ಲ ಮುಖ್ಯವಾಗಿ ಮೋಟಾರಿನ ಬಲವೊಂದರಿಂದಲೇ ಸ್ವಲ್ಪ ದೂರ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ಅನ್ವಯಿಸುತ್ತದೆ. ಎಂಜಿನ್ನಿಗೆ ಅಷ್ಟಿಷ್ಟು ನೆರವು ಮಾತ್ರ ನೀಡುವ ಮೈಲ್ಡ್ ಹೈಬ್ರಿಡ್‌ಗಳ ಆರೈಕೆ ಹೆಚ್ಚುಕಡಿಮೆ ಸಾಧಾರಣ ಕಾರಿನದೇ.

ಪ್ರಶ್ನೆ: ಮೂರು ವಾರ ಪರಸ್ಥಳದಲ್ಲಿದ್ದು ಹಿಂತಿರುಗಿದಾಗ ನನ್ನ ಕಾರಿನ ಬಾಗಿಲು ರಿಮೋಟಿಗೆ ತೆರೆದುಕೊಳ್ಳಲಿಲ್ಲ. ಹೇಗೋ ಒಳಗೆ ಕುಳಿತು ಪವರ್ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ದೀಪಗಳು ಮಿಣುಕಿ ಆರಿದವು, ಒಳಗೆಲ್ಲೋ ಟಕಟಕ ಸದ್ದಾಯಿತು, ಅಷ್ಟೇ. ಹೈಬ್ರಿಡ್ ಬ್ಯಾಟರಿಯೇ ಸತ್ತಿದೆ ಎಂದು ಪರಿಚಯದ ಮೆಕ್ಯಾನಿಕ್ ಹೇಳುತ್ತಿದ್ದಾರೆ. ನಿಜವೇ?

ಉತ್ತರ: ನೀವು ಬರೆದಿರುವ ಲಕ್ಷಣಗಳೆಲ್ಲ 12 ವೋಲ್ಟಿನ ಚಿಕ್ಕ ಬ್ಯಾಟರಿ ಬರಿದಾದಾಗ ಕಾಣುವಂಥವು. ದೊಡ್ಡ ಬ್ಯಾಟರಿಗೆ ಹಣ ಹೊಂದಿಸುವ ಯೋಚನೆಗೆ ಹೋಗುವ ಮೊದಲು ಚಿಕ್ಕದನ್ನು ಪರೀಕ್ಷೆ ಮಾಡಿಸಿ.

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಚಕ್ರಗಳನ್ನು ಓಡಿಸುವ ಮತ್ತು ಎಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಶಕ್ತಿ ದೊಡ್ಡದರಿಂದ ಬರುತ್ತದೆ. ಬಾಗಿಲಿನ ಲಾಕ್, ದೀಪ, ಕಂಪ್ಯೂಟರುಗಳು, ಬ್ರೇಕಿನ ವಿದ್ಯುನ್ಮಾನ ವ್ಯವಸ್ಥೆ ಮೊದಲಾದವು ಚಿಕ್ಕದನ್ನು ನೆಚ್ಚಿಕೊಂಡಿವೆ. ಕಾರು ಆಫ್ ಆದೊಡನೆ ಸುರಕ್ಷತೆಗಾಗಿ ದೊಡ್ಡ ಬ್ಯಾಟರಿಯ ಸಂಪರ್ಕವನ್ನು ರಿಲೇಗಳು (ವಿದ್ಯುತ್ತಿನಿಂದ ಕೂಡುವ, ಬಿಡುವ ಸ್ವಿಚ್ಚುಗಳು) ಕಡಿದುಬಿಡುತ್ತವೆ, ಮತ್ತು ಆ ರಿಲೇಗಳನ್ನು ಮತ್ತೆ ಕೂಡಿಸಲು ಬೇಕಾದ ವಿದ್ಯುತ್ತು ಬರಬೇಕಾದದ್ದು ಚಿಕ್ಕ ಬ್ಯಾಟರಿಯಿಂದಲೇ. ಹಾಗಾಗಿ ದೊಡ್ಡದರಲ್ಲಿ ಬೇಕಾದಷ್ಟು ಚಾರ್ಜ್ ಇದ್ದರೂ ಚಿಕ್ಕದು ಬರಿದಾದರೆ ಕಾರು ಏಳುವುದಿಲ್ಲ. ನೀವು ಕೇಳಿದ ಟಕಟಕ ಸದ್ದು, ಸಾಕಷ್ಟು ವೋಲ್ಟೇಜ್ ಸಿಗದ ರಿಲೇಗಳು ಕೂಡಲು ಹೆಣಗಾಡುವ ಸದ್ದು.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಸಾಧಾರಣ ಕಾರಿನಲ್ಲಿ ಬ್ಯಾಟರಿ ಸೋಲುತ್ತ ಬಂದರೆ ಬೆಳಗಿನ ಹೊತ್ತು ಸ್ಟಾರ್ಟರ್ ಎಳೆದೆಳೆದು ತಿರುಗುತ್ತದೆ, ನಮಗೆ ಮುನ್ಸೂಚನೆ ಸಿಗುತ್ತದೆ. ಹೈಬ್ರಿಡ್‌ನ ಚಿಕ್ಕ ಬ್ಯಾಟರಿಗೆ ಎಂಜಿನ್ ತಿರುಗಿಸುವ ಹೊರೆಯೇ ಇಲ್ಲದ್ದರಿಂದ ಅದು ಅರೆಜೀವವಾಗಿದ್ದರೂ ತಿಂಗಳುಗಟ್ಟಲೆ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮೂರು ವರ್ಷ ಕಳೆದ ಮೇಲೆ ಪ್ರತಿ ಸರ್ವೀಸಿನಲ್ಲೂ ಅದನ್ನು ಲೋಡ್ ಟೆಸ್ಟ್ (ಹೊರೆ ಕೊಟ್ಟು ನೋಡುವ ಪರೀಕ್ಷೆ) ಮಾಡಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಈಗ ಮಾಡಬೇಕಾದ ಕೆಲಸ: ಕೈಪಿಡಿಯಲ್ಲಿ ಜಂಪ್ ಸ್ಟಾರ್ಟಿಗೆಂದು ತೋರಿಸಿರುವ ಜಾಗವನ್ನು ಹುಡುಕಿ. ಬ್ಯಾಟರಿ ಡಿಕ್ಕಿಯಲ್ಲೋ ಹಿಂದಿನ ಸೀಟಿನ ಬಳಿಯೋ ಇದ್ದರೂ ಹಲವು ಮಾದರಿಗಳಲ್ಲಿ ಬಾನೆಟ್ಟಿನ ಕೆಳಗೆ ಫ್ಯೂಸ್ ಪೆಟ್ಟಿಗೆಯೊಳಗೆ ಇದಕ್ಕಾಗಿಯೇ ಒಂದು ಪ್ಲಸ್ ತುದಿಯನ್ನು ಕೊಟ್ಟಿರುತ್ತಾರೆ. ಪ್ಲಸ್, ಮೈನಸ್ ಅದಲುಬದಲಾದರೆ ದುಬಾರಿ ಭಾಗಗಳು ಸುಡಬಹುದಾದ್ದರಿಂದ ಎರಡು ಸಲ ನೋಡಿ ಕೇಬಲ್ ಹಾಕಿ. ಕಾರು ಓಡಲು ಸಿದ್ಧವೆಂದು ತೋರಿಸುವ ‘ರೆಡಿ’ ದೀಪ ಹತ್ತಿದ ಮೇಲೆ ದೊಡ್ಡ ಬ್ಯಾಟರಿಯೇ ಕನ್ವರ್ಟರ್ ಮೂಲಕ ಚಿಕ್ಕದಕ್ಕೆ ಚಾರ್ಜ್ ತುಂಬತೊಡಗುತ್ತದೆ. ನಿಮ್ಮ ಹೈಬ್ರಿಡ್‌ನಿಂದ ಕೇಬಲ್ ಎಳೆದು ಬೇರೆಯವರ ಕಾರನ್ನು ಚಾಲೂ ಮಾಡಿಕೊಡುವ ಉಪಕಾರ ಮಾತ್ರ ಬೇಡ. ಸ್ಟಾರ್ಟರ್ ಮೋಟಾರು ಎಳೆಯುವ ಭಾರಿ ಕರೆಂಟನ್ನು ಕೊಡಲು ಈ ಚಿಕ್ಕ ಬ್ಯಾಟರಿಯನ್ನು ರೂಪಿಸಿಲ್ಲ.

ಹೊಸದನ್ನು ಹಾಕಿಸುವಾಗ ಕಾರಿನ ಒಳಭಾಗದಲ್ಲಿ ಕೂರುವ ಬ್ಯಾಟರಿಯಾದರೆ ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುವ) ಮಾದರಿಯದೇ ಇರಲಿ, ಅದರ ಅನಿಲವನ್ನು ಹೊರಗೆ ಬಿಡುವ ಸಣ್ಣ ಕೊಳವೆಯನ್ನು ಮರೆಯದೆ ಜೋಡಿಸಿರಲಿ. ಅಳತೆ ಸರಿಹೋಗುತ್ತದೆಂದು ಸಾಧಾರಣ ಬ್ಯಾಟರಿಯನ್ನು ತಂದು ಕೂರಿಸಬಾರದು.

ಮುಂದಿನ ಸಲ ಬಹಳ ದಿನ ಊರಿಗೆ ಹೋಗುವುದಾದರೆ ವಾರಕ್ಕೊಮ್ಮೆ ಯಾರಾದರೂ ಅರ್ಧ ಗಂಟೆಯಿಂದ ಒಂದು ಗಂಟೆ ಕಾರನ್ನು ಓಡಿಸಲಿ, ಇಲ್ಲವೇ ತೆರೆದ ಜಾಗದಲ್ಲಿ ‘ರೆಡಿ’ ಸ್ಥಿತಿಯಲ್ಲಿಟ್ಟು ಜೊತೆಗಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಮಾಡಲೇಕೂಡದು, ಏಕೆಂದರೆ ನಿಶ್ಶಬ್ದವಾಗಿ ನಿಂತ ಕಾರಿನ ಎಂಜಿನ್ ತನ್ನಷ್ಟಕ್ಕೆ ಚಾಲೂ ಆಗುತ್ತದೆ ಮತ್ತು ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಿಕ. ಬ್ರೇಕ್ ಒತ್ತದೆ ಬಟನ್ ಅದುಮಿ ಬರಿಯ ಸಂಗೀತ ಕೇಳುತ್ತ ಕೂರುವ ಅಭ್ಯಾಸವಿದ್ದರೆ ಬಿಡಿ. ಆ ಸ್ಥಿತಿಯಲ್ಲಿ ಚಿಕ್ಕ ಬ್ಯಾಟರಿ ಬರಿದಾಗುತ್ತದೆಯೇ ಹೊರತು ತುಂಬುವುದಿಲ್ಲ.

ಪ್ರಶ್ನೆ: ಹಾಗಾದರೆ ದೊಡ್ಡ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಕೆಟ್ಟರೆ ಕೆಟ್ಟ ತುಂಡನ್ನಷ್ಟೇ ಬದಲಾಯಿಸಬಹುದು ಎನ್ನುತ್ತಾರೆ. ಅದು ಸರಿಯಾದ ದಾರಿಯೇ?

ಉತ್ತರ: ಹೈಬ್ರಿಡ್ ಬ್ಯಾಟರಿಗೆ 8 ವರ್ಷದ ಪ್ರತ್ಯೇಕ ವಾರಂಟಿ ಕೊಡುವ ತಯಾರಕರು ಹಲವರಿದ್ದಾರೆ. ಆ ಅವಧಿ ಮುಗಿದ ಮೇಲೂ ಚೆನ್ನಾಗಿಯೇ ಓಡುತ್ತಿರುವ ಕಾರುಗಳು ಬೇಕಾದಷ್ಟಿವೆ. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರಾದ ಟೊಯೊಟಾ ಪ್ರಿಯಸ್ 1997ರ ಡಿಸೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂತು. ಅಂದರೆ ಈ ಬ್ಯಾಟರಿಗಳ ಬಾಳಿಕೆಯ ಅನುಭವ ಕಾಲು ಶತಮಾನಕ್ಕೂ ಹಳೆಯದು. ಅವು ಬಾಳುವುದಕ್ಕೆ ಮುಖ್ಯ ಕಾರಣ, ಕಾರಿನ ಕಂಪ್ಯೂಟರ್ ಅವನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಚಾರ್ಜ್ ಸಾಮಾನ್ಯವಾಗಿ ಶೇಕಡಾ 40ರಿಂದ 80ರ ನಡುವೆಯೇ ಏರಿಳಿಯುತ್ತಿರುತ್ತದೆ.

ಈ ಬ್ಯಾಟರಿಯ ದೊಡ್ಡ ಶತ್ರು ಶಾಖ. ಸುಡುಬಿಸಿಲಿನಲ್ಲಿ ಗಂಟೆಗಟ್ಟಲೆ ನಿಂತ ಕಾರನ್ನು ಹತ್ತಿದೊಡನೆ ಕಿಟಕಿ ಇಳಿಸಿ ಬಿಸಿಗಾಳಿಯನ್ನು ಹೊರಹಾಕಿ, ಎಸಿ ಹಾಕಿ, ಮೊದಲ ಕೆಲವು ನಿಮಿಷ ನಿಧಾನವಾಗಿ ಓಡಿಸಿ. ಹಲವು ಕಾರುಗಳಲ್ಲಿ ಬ್ಯಾಟರಿ ತಂಪಾಗುವುದು ಪ್ರಯಾಣಿಕರು ಕೂರುವ ಜಾಗದ ಗಾಳಿಯಿಂದಲೇ ಆದ್ದರಿಂದ ನಿಮಗೆ ಹಿತವೆನಿಸುವ ಉಷ್ಣತೆಯೇ ಅದಕ್ಕೂ ಹಿತ. ಬಳಸದೆ ತಿಂಗಳುಗಟ್ಟಲೆ ನಿಲ್ಲಿಸುವುದು ಅದಕ್ಕೆ ಒಗ್ಗದ ಇನ್ನೊಂದು ಸಂಗತಿ. ದಿನವೂ ಓಡುವ ಹೈಬ್ರಿಡ್‌ಗಿಂತ ವಾರಕ್ಕೊಮ್ಮೆಯೂ ಹೊರಬರದ ಹೈಬ್ರಿಡ್ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ತುಂಡು ಬದಲಾವಣೆಯ ಮಾತು. ಎರಡನೆಯ ತಲೆಮಾರಿನ ಪ್ರಿಯಸ್‌ನ ಉದಾಹರಣೆ ತೆಗೆದುಕೊಂಡರೆ, 7.2 ವೋಲ್ಟಿನ 28 ಮಾಡ್ಯೂಲ್‌ಗಳನ್ನು ಸಾಲಾಗಿ ಜೋಡಿಸಿ 201.6 ವೋಲ್ಟ್ ಪಡೆಯುತ್ತಾರೆ. ಇವುಗಳಲ್ಲಿ ಒಂದು ಸೋತರೂ ಇಡೀ ಸಾಲು ಸೋಲುತ್ತದೆ, ಹಾಗಾಗಿ ಸೋತದ್ದೊಂದನ್ನು ತೆಗೆದು ಬೇರೊಂದನ್ನು ಹಾಕಿದರೆ ಎಚ್ಚರಿಕೆಯ ದೀಪ ಆರುವುದೇನೋ ಹೌದು. ಆದರೆ ಉಳಿದ 27 ಮಾಡ್ಯೂಲ್‌ಗಳು ಅದೇ ವಯಸ್ಸಿನವು, ಅದೇ ಬಿಸಿಲನ್ನು ಉಂಡವು. ಹೊಸದರ ಸಾಮರ್ಥ್ಯ ಹಳೆಯವಕ್ಕೆ ಹೊಂದದಿರುವುದರಿಂದ ಅಸಮತೋಲನ ಬೆಳೆದು, ಸ್ವಲ್ಪ ಕಾಲದಲ್ಲೇ ಮತ್ತೊಂದು ಮಾಡ್ಯೂಲ್ ಕೈಕೊಡುವ ಸಂಭವ ಹೆಚ್ಚು. ಕಾರನ್ನು ಇನ್ನು ಸ್ವಲ್ಪವೇ ಕಾಲ ಇಟ್ಟುಕೊಳ್ಳುವವರಿಗೆ ಇದು ತಾತ್ಕಾಲಿಕ ದಾರಿಯಾದೀತು. ವರ್ಷಗಟ್ಟಲೆ ಓಡಿಸಬೇಕೆಂದಿರುವವರು ಪೂರ್ತಿ ಪ್ಯಾಕನ್ನೇ, ಲಿಖಿತ ವಾರಂಟಿಯೊಂದಿಗೆ, ಬದಲಾಯಿಸುವುದು ಲೇಸು.

ಪ್ರಶ್ನೆ: ಬಿಸಿಲಿನ ದಿನಗಳಲ್ಲಿ ಹಿಂದಿನ ಸೀಟಿನ ಪಕ್ಕದಿಂದ ಕೂದಲು ಒಣಗಿಸುವ ಯಂತ್ರದಂಥ ಸದ್ದು ಬರುತ್ತದೆ. ಮನೆಯ ನಾಯಿ ಅಲ್ಲೇ ಕೂರುತ್ತದೆ. ಇದು ದೋಷವೇ?

ಉತ್ತರ: ಆ ಸದ್ದು ದೊಡ್ಡ ಬ್ಯಾಟರಿಯನ್ನು ತಂಪಾಗಿಸುವ ಫ್ಯಾನಿನದು. ಕೆಲವೊಮ್ಮೆ ಜೋರಾಗಿ ತಿರುಗುವುದು ಸಹಜ. ಆದರೆ ಹಿಂದೆ ಇಲ್ಲದ ಸದ್ದು ಈಗ ದಿನವೂ ಕೇಳುತ್ತಿದ್ದರೆ, ಅದರಲ್ಲೂ ನಾಯಿ ಅಲ್ಲಿ ಕೂರುತ್ತದೆಂದರೆ, ಗಾಳಿ ಒಳಹೋಗುವ ಕಿಂಡಿಯನ್ನು ಇವತ್ತೇ ನೋಡಿ. ಸೀಟಿನ ಕೆಳಗೋ ಪಕ್ಕದಲ್ಲೋ ಇರುವ ಆ ಜಾಲರಿಯ ಹಿಂದೆ ಹಲವು ಮಾದರಿಗಳಲ್ಲಿ ಅಂಗೈಯಗಲದ ತೆಳು ಫಿಲ್ಟರ್ ಇರುತ್ತದೆ. ಕ್ಲಿಪ್ ಬಿಡಿಸಿ ಜಾಲರಿಯನ್ನು ತೆಗೆದರೆ ಧೂಳೂ ರೋಮವೂ ಬೆರೆತು ಬೂದು ಬಣ್ಣದ ಕಂಬಳಿಯಂತೆ ಹೆಪ್ಪುಗಟ್ಟಿರುವುದು ಕಣ್ಣಿಗೇ ಬೀಳುತ್ತದೆ. ಕಾರನ್ನು ಆಫ್ ಮಾಡಿ, ವ್ಯಾಕ್ಯೂಮ್ ಕ್ಲೀನರ್‌ನಿಂದ ಒಣಗಿದ್ದಂತೆಯೇ ಹೀರಿ ತೆಗೆಯಿರಿ. ಅಲ್ಲಿಗೆ ನೀರು ತಾಗಿಸಬೇಡಿ, ಕಂಪ್ರೆಸರ್ ಗಾಳಿಯನ್ನು ಒಳಮುಖವಾಗಿ ಊದಬೇಡಿ. ಆ ಕಿಂಡಿಗೆ ಅಡ್ಡವಾಗಿ ಚೀಲ, ಹೊದಿಕೆ, ಸೀಟಿನ ಗವಸು ಯಾವುದೂ ಬರದಂತೆ ನೋಡಿಕೊಳ್ಳಿ. ಮನೆಯಲ್ಲೇ ಮುಗಿಯುವ ಈ ಕೆಲಸವನ್ನು ಸರ್ವೀಸ್ ಪಟ್ಟಿಯಲ್ಲಿ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ, ಮತ್ತು ಇದೊಂದನ್ನು ಬಿಟ್ಟಿದ್ದರಿಂದಲೇ ಬ್ಯಾಟರಿ ಬೇಗ ಬಳಲುವುದುಂಟು. ಸ್ವಚ್ಛ ಮಾಡಿದ ಮೇಲೂ ಸದ್ದು ತಗ್ಗದೆ, ಚಾರ್ಜ್ ತೋರಿಸುವ ಗೆರೆಗಳು ಕೆಲವೇ ನಿಮಿಷಗಳಲ್ಲಿ ಸರ್ರನೆ ಏರಿ ಇಳಿಯುತ್ತಿದ್ದರೆ ಆಗ ಬ್ಯಾಟರಿಯ ತಪಾಸಣೆ ಮಾಡಿಸಿ.

ಪ್ರಶ್ನೆ: ಬ್ರೇಕ್ ಪ್ಯಾಡುಗಳು ಇಷ್ಟು ವರ್ಷವಾದರೂ ಸವೆದೇ ಇಲ್ಲವಂತೆ. ಬ್ರೇಕ್ ಸರ್ವೀಸನ್ನು ಮುಂದೂಡಬಹುದಲ್ಲವೇ?

ಉತ್ತರ: ಬೇಡ. ಹೈಬ್ರಿಡ್‌ನಲ್ಲಿ ನೀವು ಬ್ರೇಕ್ ಒತ್ತಿದಾಗ ಮೊದಲು ಮೋಟಾರು ಜನರೇಟರ್ ಆಗಿ ತಿರುಗಿ ಕಾರಿನ ವೇಗವನ್ನು ವಿದ್ಯುತ್ತಾಗಿ ಬದಲಾಯಿಸುತ್ತದೆ. ಜೋರಾಗಿ ಒತ್ತಿದಾಗ ಮತ್ತು ಕಾರು ನಿಲ್ಲುವ ಹಂತದ ಕೊನೆಯ ಕೆಲವು ಮೀಟರುಗಳಲ್ಲಿ ಮಾತ್ರ ಪ್ಯಾಡುಗಳಿಗೆ ಹೆಚ್ಚು ಕೆಲಸ ಬೀಳುತ್ತದೆ. ಪ್ಯಾಡ್ ಉಳಿಯುವುದು ಇದರಿಂದಲೇ, ಮತ್ತು ಹೊಸ ಬಗೆಯ ತೊಂದರೆ ಹುಟ್ಟುವುದೂ ಇದರಿಂದಲೇ. ಉಜ್ಜಾಟವೇ ಇಲ್ಲದ ಡಿಸ್ಕಿನ ಅಂಚಿನಿಂದ ತುಕ್ಕು ಒಳಗೆ ಹಬ್ಬುತ್ತದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳ ಗ್ರೀಸು ಒಣಗಿ ಅವು ಬಿಗಿದುಕೊಳ್ಳುತ್ತವೆ, ಆಮೇಲೆ ಒಂದು ಪ್ಯಾಡ್ ಮಾತ್ರ ಸವೆಯುತ್ತ ಇನ್ನೊಂದು ಹಾಗೇ ಉಳಿಯುತ್ತದೆ. ಪ್ಯಾಡ್ ದಪ್ಪಗಿದೆ ಎಂಬ ಒಂದೇ ವರದಿಯನ್ನು ನಂಬದೆ, ವರ್ಷಕ್ಕೊಮ್ಮೆ ಚಕ್ರ ಬಿಚ್ಚಿಸಿ ಪಿನ್ನುಗಳನ್ನು ಸ್ವಚ್ಛಗೊಳಿಸಿ ತಕ್ಕ ಗ್ರೀಸ್ ಹಚ್ಚಿಸಿ. ಬ್ರೇಕ್ ದ್ರವವಂತೂ ಕಾರು ಓಡಲಿ ಬಿಡಲಿ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಕೈಪಿಡಿ ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯ ರೂಢಿ.

ಈ ಕೆಲಸವನ್ನು ಹೈಬ್ರಿಡ್ ಬಲ್ಲವರಿಂದಲೇ ಮಾಡಿಸಬೇಕು. ಕೆಲವು ಮಾದರಿಗಳಲ್ಲಿ ಚಾಲಕನ ಬಾಗಿಲು ತೆರೆದರೂ ಸಾಕು, ಬ್ರೇಕಿನ ಪಂಪು ಎಚ್ಚೆತ್ತು ಒತ್ತಡ ಕಟ್ಟತೊಡಗುತ್ತದೆ. ಅದೇ ಹೊತ್ತಿನಲ್ಲಿ ಕ್ಯಾಲಿಪರಿನಲ್ಲಿ ಬೆರಳಿಟ್ಟಿರುವ ಮೆಕ್ಯಾನಿಕ್‌ಗೆ ಗಾಯವಾದೀತು. ದ್ರವ ಬದಲಾಯಿಸಿ ಗಾಳಿ ತೆಗೆಯಲು ಹಲವು ಕಾರುಗಳಲ್ಲಿ ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಜೋಡಿಸಲೇಬೇಕಾಗುತ್ತದೆ.

ಪ್ರಶ್ನೆ: ಎಂಜಿನ್ ಅರ್ಧ ಹೊತ್ತು ಆಫ್ ಆಗಿಯೇ ಇರುತ್ತದೆ. ಆಯಿಲ್ ಬದಲಾವಣೆಯ ಅವಧಿಯನ್ನು ಇಮ್ಮಡಿ ಮಾಡಿದರೆ ತಪ್ಪೇನು?

ಉತ್ತರ: ಹಾಗೆ ಮಾಡಬೇಡಿ. ಸಣ್ಣ ಓಡಾಟಗಳಲ್ಲಿ ಹೈಬ್ರಿಡ್ ಎಂಜಿನ್ ಸ್ವಲ್ಪ ಓಡಿ ನಿಂತು, ಮತ್ತೆ ಓಡಿ, ಸಾಕಷ್ಟು ಬಿಸಿಯಾಗದೆಯೇ ಉಳಿಯಬಹುದು. ಆಗ ಸುಡದ ಪೆಟ್ರೋಲೂ ತೇವಾಂಶವೂ ಆವಿಯಾಗಿ ಹೋಗದೆ ಆಯಿಲಿನಲ್ಲೇ ಸೇರಿಕೊಳ್ಳುತ್ತವೆ. ಕಿಲೋಮೀಟರ್ ಅಥವಾ ತಿಂಗಳು, ಕೈಪಿಡಿಯಲ್ಲಿ ಹೇಳಿರುವ ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದನ್ನು ಪಾಲಿಸಿ. 0ಡಬ್ಲ್ಯು-16, 0ಡಬ್ಲ್ಯು-20ರಂಥ ತೆಳುವಾದ ಆಯಿಲನ್ನು ಸೂಚಿಸಿದ್ದರೆ, ದಪ್ಪ ಆಯಿಲ್ ಎಂಜಿನ್ನಿಗೆ ಒಳ್ಳೆಯದೆಂಬ ಹಳೆಯ ಮಾತಿಗೆ ಮರುಳಾಗದಿರಿ. ಪದೇ ಪದೇ ನಿಂತು ಚಾಲೂ ಆಗುವ ಎಂಜಿನ್ನಿನಲ್ಲಿ ಆಯಿಲ್ ಕ್ಷಣಾರ್ಧದಲ್ಲಿ ಎಲ್ಲೆಡೆ ತಲುಪುವುದು ಮುಖ್ಯ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಒಂದಿಷ್ಟು ದೂರ ಓಡಿಸಿದರೆ ಎಂಜಿನ್ನಿಗೂ ಬ್ಯಾಟರಿಗೂ ಒಳ್ಳೆಯದು.

ಪ್ರಶ್ನೆ: ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಉತ್ತರ: ಉಳಿಯುವುದಿಲ್ಲ. ಅನೇಕ ಹೈಬ್ರಿಡ್‌ಗಳಲ್ಲಿ ನ್ಯೂಟ್ರಲ್‌ನಲ್ಲಿ ಬ್ಯಾಟರಿಗೆ ಚಾರ್ಜ್ ಆಗುವುದಿಲ್ಲ. ಎಸಿ ಓಡುತ್ತಿದ್ದರೆ ಚಾರ್ಜ್ ಇಳಿಯುತ್ತಲೇ ಹೋಗುತ್ತದೆ. ‘ಡಿ’ಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟಿರಿ.

ಪ್ರಶ್ನೆ: ಉದ್ದನೆಯ ಇಳಿಜಾರಿನಲ್ಲಿ, ಆಕ್ಸಿಲರೇಟರ್ ಮುಟ್ಟದಿದ್ದರೂ, ಎಂಜಿನ್ ಇದ್ದಕ್ಕಿದ್ದಂತೆ ಅಬ್ಬರಿಸುತ್ತದೆ. ಏನೋ ಕೆಟ್ಟಿದೆ ಎಂದು ಹೆದರಿಕೆಯಾಗುತ್ತಿದೆ.

ಉತ್ತರ: ಹೆದರಬೇಡಿ, ಕಾರು ಮಾಡಬೇಕಾದ್ದನ್ನೇ ಮಾಡುತ್ತಿದೆ. ಇಳಿಜಾರಿನಲ್ಲಿ ಮೋಟಾರು ತಯಾರಿಸುವ ವಿದ್ಯುತ್ತು ಬ್ಯಾಟರಿಗೆ ಹೋಗುತ್ತದೆ, ಆದರೆ ಬ್ಯಾಟರಿ ತನ್ನ ಮೇಲ್ಮಿತಿ ಮುಟ್ಟಿದ ಮೇಲೆ ಹೆಚ್ಚಿನದನ್ನು ತೆಗೆದುಕೊಳ್ಳಲಾರದು. ಆಗ ಹಲವು ಹೈಬ್ರಿಡ್‌ಗಳು ಆ ಹೆಚ್ಚುವರಿ ಶಕ್ತಿಯಿಂದ ಎಂಜಿನ್ನನ್ನು ಪೆಟ್ರೋಲ್ ಸುಡದೆ ಸುಮ್ಮನೆ ತಿರುಗಿಸಿ ಕಳೆಯುತ್ತವೆ. ನೀವು ಕೇಳುವ ಅಬ್ಬರ ಅದು. ಗೇರ್ ಸೆಲೆಕ್ಟರ್‌ನಲ್ಲಿ ‘ಬಿ’ (ಎಂಜಿನ್ನಿನ ತಡೆಯಿಂದ ವೇಗ ತಗ್ಗಿಸುವ ಸ್ಥಾನ) ಇದ್ದರೆ ಕಡಿದಾದ ಇಳಿಜಾರು ಶುರುವಾಗುವಾಗಲೇ ಅದಕ್ಕೆ ಬದಲಾಯಿಸಿಕೊಳ್ಳಿ, ಬ್ರೇಕ್ ಡಿಸ್ಕುಗಳು ಕಾಯುವುದು ತಪ್ಪುತ್ತದೆ. ಸಮತಟ್ಟು ರಸ್ತೆಗೆ ಬಂದೊಡನೆ ‘ಡಿ’ಗೆ ಹಿಂತಿರುಗಿ. ದಿನವಿಡೀ ‘ಬಿ’ಯಲ್ಲಿ ಓಡಿಸಿದರೆ ಹೆಚ್ಚು ಚಾರ್ಜ್ ಆಗುತ್ತದೆಂದು ಹಲವರು ನಂಬಿದ್ದಾರೆ, ಆದರೆ ಅದರಿಂದ ಮೈಲೇಜ್ ಇಳಿಯುವುದೇ ಹೆಚ್ಚು.

ಪ್ರಶ್ನೆ: ಹೊಸ ಕಾರು ನಿಧಾನವಾಗಿ ಚಲಿಸುವಾಗ ಗುಂಯ್ ಎಂಬ ಸದ್ದು ಬರುತ್ತದೆ. ಅದನ್ನು ನಿಲ್ಲಿಸಬಹುದೇ?

ಉತ್ತರ: ಅದು ಪಾದಚಾರಿಗಳಿಗಾಗಿ, ಅದರಲ್ಲೂ ದೃಷ್ಟಿಯಿಲ್ಲದವರಿಗಾಗಿ, ಬೇಕೆಂದೇ ಹೊರಡಿಸುವ ಎಚ್ಚರಿಕೆಯ ಸದ್ದು. ಯುರೋಪಿಯನ್ ಒಕ್ಕೂಟದಲ್ಲಿ 2021ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಇದು ಕಡ್ಡಾಯ. ದಯವಿಟ್ಟು ಅದರ ತಂತಿ ಕೀಳಿಸಬೇಡಿ.

ಪ್ರಶ್ನೆ: ಕಂಪನಿಯ ಸರ್ವೀಸ್ ಸೆಂಟರ್ ದೂರವಿದೆ. ಎಸಿ ಗ್ಯಾಸ್, ಕೂಲೆಂಟ್ ಮುಂತಾದವನ್ನು ಸಾಧಾರಣ ಗ್ಯಾರೇಜಿನಲ್ಲಿ ಮಾಡಿಸಬಹುದೇ?

ಉತ್ತರ: ಎಂಜಿನ್ ಆಯಿಲ್, ಏರ್ ಫಿಲ್ಟರ್, ಟೈರ್, ವೈಪರ್, ಸಸ್ಪೆನ್ಷನ್ ಕೆಲಸಗಳನ್ನು ಯಾವ ನುರಿತ ಮೆಕ್ಯಾನಿಕ್ ಬೇಕಾದರೂ ಮಾಡಬಲ್ಲರು. ಎಸಿಯ ವಿಷಯ ಬೇರೆ. ಸ್ಟ್ರಾಂಗ್ ಹೈಬ್ರಿಡ್‌ಗಳ ಎಸಿ ಕಂಪ್ರೆಸರ್ ಸಾಮಾನ್ಯವಾಗಿ ಬೆಲ್ಟಿನಿಂದ ತಿರುಗುವುದಿಲ್ಲ, ಅದರೊಳಗೇ ಹೆಚ್ಚು ವೋಲ್ಟೇಜಿನ ಮೋಟಾರು ಇರುತ್ತದೆ, ಮತ್ತು ಆ ಮೋಟಾರಿನ ಸುರುಳಿಗಳು ಗ್ಯಾಸಿನೊಂದಿಗೆ ಸುತ್ತುವ ಆಯಿಲಿನಲ್ಲೇ ನೆನೆದಿರುತ್ತವೆ. ಹಾಗಾಗಿ ವಿದ್ಯುತ್ ಹರಿಯಗೊಡದ ಪಿಒಇ ಆಯಿಲನ್ನೇ ಬಳಸಬೇಕು. ಸಾಧಾರಣ ಕಾರುಗಳಿಗೆ ಹಾಕುವ ಪಿಎಜಿ ಆಯಿಲ್ ಗ್ಯಾಸ್ ತುಂಬುವ ಯಂತ್ರದ ಪೈಪಿನಲ್ಲಿ ಹಿಂದಿನ ಕಾರಿನಿಂದ ಉಳಿದುಕೊಂಡಿದ್ದು ಸ್ವಲ್ಪವೇ ಒಳಹೋದರೂ ನಿರೋಧಕ ಶಕ್ತಿ ಕುಗ್ಗುತ್ತದೆ, ವಿದ್ಯುತ್ ಸೋರಿಕೆಯ ದೋಷ ಕಾಣಿಸಿಕೊಂಡು ಕಾರೇ ನಿಂತುಬಿಡಬಹುದು. ಯಾವ ಆಯಿಲ್, ಯಂತ್ರವನ್ನು ಶುದ್ಧ ಮಾಡಿದ್ದೀರಾ ಎಂದು ಮೊದಲೇ ಕೇಳಿ. ತೃಪ್ತಿಕರ ಉತ್ತರ ಬಾರದಿದ್ದರೆ ದೂರವಾದರೂ ಸರಿ, ಬಲ್ಲವರಲ್ಲಿಗೇ ಹೋಗಿ.

ಕೂಲೆಂಟಿನ ವಿಷಯದಲ್ಲಿ ಹಲವು ಕಾರುಗಳಲ್ಲಿ ಎಂಜಿನ್ನಿಗೊಂದು, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಮಾರ್ಪಡಿಸುವ ಇನ್ವರ್ಟರಿಗೊಂದು ಎಂದು ಎರಡು ಪ್ರತ್ಯೇಕ ಡಬ್ಬಿಗಳಿರುತ್ತವೆ. ಎರಡರ ಮಟ್ಟವನ್ನೂ ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿರುವಾಗ, ನೋಡಿ. ಕೆಲವು ಮಾದರಿಗಳಲ್ಲಿ ಕಾರು ‘ರೆಡಿ’ ಸ್ಥಿತಿಯಲ್ಲಿದ್ದಾಗ ಇನ್ವರ್ಟರ್ ಡಬ್ಬಿಯೊಳಗಿನ ದ್ರವ ಕದಲಾಡುತ್ತಿರುವುದು ಕಾಣುತ್ತದೆ. ನಿಶ್ಚಲವಾಗಿದ್ದರೆ ಪಂಪು ನಿಂತಿರಬಹುದು.

ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮಾತ್ರ ನೀವಾಗಲಿ ತರಬೇತಿ ಇಲ್ಲದ ಮೆಕ್ಯಾನಿಕ್ ಆಗಲಿ ಮುಟ್ಟಬಾರದು. ಅವುಗಳಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜ್. ತರಬೇತಾದವರು ಕೂಡ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಪ್ಲಗ್ ಕಿತ್ತ ಮೇಲೆ ಕೆಪಾಸಿಟರ್‌ಗಳು ಬರಿದಾಗಲು ಸುಮಾರು ಹತ್ತು ನಿಮಿಷ ಕಾದು, ಮೀಟರಿನಿಂದ ಖಚಿತಪಡಿಸಿಕೊಂಡು, ರಬ್ಬರ್ ಗ್ಲೌಸ್ ಹಾಕಿಕೊಂಡೇ ಕೈಯಿಡುತ್ತಾರೆ.

ಪ್ರಶ್ನೆ: ನಮ್ಮದು ಪ್ಲಗ್-ಇನ್ ಹೈಬ್ರಿಡ್. ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳುವುದರಿಂದ ಟ್ಯಾಂಕಿನ ಪೆಟ್ರೋಲ್ ತಿಂಗಳುಗಟ್ಟಲೆ ಹಾಗೇ ಇದೆ. ತೊಂದರೆಯಿದೆಯೇ?

ಉತ್ತರ: ಪೆಟ್ರೋಲ್ ಹಳಸುತ್ತದೆ. ಟ್ಯಾಂಕನ್ನು ತುಂಬಿಡದೆ ಸ್ವಲ್ಪ ಸ್ವಲ್ಪವೇ ಹಾಕಿಸಿ, ಆಗಾಗ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಪೆಟ್ರೋಲಿನಲ್ಲೇ ಓಡಿಸಿ. ಹಳೆಯ ಪೆಟ್ರೋಲನ್ನು ಮುಗಿಸಲು ಕೆಲವು ಮಾದರಿಗಳು ತಾವಾಗಿಯೇ ಎಂಜಿನ್ ಚಾಲೂ ಮಾಡುತ್ತವೆ. ಅದು ದೋಷವೆಂದು ಭಾವಿಸಬೇಡಿ. ಹಾಗೆಂದು ಟ್ಯಾಂಕನ್ನು ಪೂರ್ತಿ ಬರಿದಾಗಲು ಬಿಡುವುದೂ ಸಲ್ಲದು.

ಪ್ರಶ್ನೆ: ಬಳಸಿದ ಹೈಬ್ರಿಡ್ ಕೊಳ್ಳಬೇಕೆಂದಿದ್ದೇನೆ. ಏನೇನು ನೋಡಬೇಕು?

ಉತ್ತರ: ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಬಿಸಿ ಮಾಡಿಡಬೇಡಿ ಎಂದು ಹೇಳಿಯೇ ಹೋಗಿ. ಮೊದಲ ಸಲ ಎಂಜಿನ್ ಚಾಲೂ ಆದಾಗ ಕಾರು ಜೋರಾಗಿ ನಡುಗಿ ಆಮೇಲೆ ಸರಿಹೋದರೆ, ಕೂಲೆಂಟ್ ಮಟ್ಟವೂ ಕಡಿಮೆ ಇದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲು) ಅನುಮಾನಾಸ್ಪದ. ಅಂಥ ಕಾರನ್ನು ಅಲ್ಲಿಗೇ ಬಿಡಿ. ಬಳಿಕ ಏರು ರಸ್ತೆಯಲ್ಲೂ ದಟ್ಟಣೆಯಲ್ಲೂ ಅರ್ಧ ಗಂಟೆ ಓಡಿಸಿ ಚಾರ್ಜ್ ಗೆರೆಗಳ ಏರಿಳಿತ ಗಮನಿಸಿ. ಸ್ಕ್ಯಾನರ್ ಜೋಡಿಸಿ ಬ್ಯಾಟರಿಯ ಪ್ರತಿ ಭಾಗದ ವೋಲ್ಟೇಜನ್ನು ಓದಿಸುವುದು ಅಗತ್ಯ. ನಿಂತಾಗ ಎಲ್ಲವೂ ಸಮನಾಗಿ ಕಂಡು, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಒಂದು ಭಾಗ ಮಾತ್ರ ಉಳಿದವುಗಳಿಗಿಂತ ಬಹಳ ಕೆಳಗೆ ಕುಸಿದರೆ ಆ ಭಾಗ ಸೋಲುತ್ತಿದೆ ಎಂದರ್ಥ.

ನೆರೆ ನೀರಿನಲ್ಲಿ ನಿಂತ ಹೈಬ್ರಿಡ್ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ. ಬ್ಯಾಟರಿ ಇರುವುದು ಹಲವು ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೆ, ಅಂದರೆ ಒಳನುಗ್ಗಿದ ನೀರು ಮೊದಲು ತಲುಪುವ ಜಾಗದಲ್ಲಿ. ಮಾರುವವರ ಅನುಮತಿ ಪಡೆದು ಹಿಂದಿನ ಕಾರ್ಪೆಟ್ಟಿನ ಅಂಚನ್ನು ಎತ್ತಿ ನೋಡಿ, ಸೀಟಿನ ಬೋಲ್ಟುಗಳಲ್ಲಿ ತುಕ್ಕು, ಬೆಲ್ಟಿನ ತಳಭಾಗದಲ್ಲಿ ಕೆಸರಿನ ಗೆರೆ ಇದೆಯೇ ಎಂದು ಪರೀಕ್ಷಿಸಿ. ಕೊನೆಗೆ ಫ್ಯಾನಿನ ಕಿಂಡಿಯ ಫಿಲ್ಟರ್ ನೋಡಿ, ಚಿಕ್ಕ ಬ್ಯಾಟರಿ ಯಾವ ವರ್ಷದ್ದೆಂದು ಕೇಳಿ. ಈ ಎರಡನ್ನು ನಿಗಾವಹಿಸಿ ನೋಡಿಕೊಂಡಿರುವ ಮಾಲೀಕರು ಉಳಿದ ಸರ್ವೀಸನ್ನೂ ಹೊತ್ತಿಗೆ ಸರಿಯಾಗಿ ಮಾಡಿಸಿರುವ ಸಂಭವ ಹೆಚ್ಚು, ಅದನ್ನು ಅವರ ಸರ್ವೀಸ್ ದಾಖಲೆಗಳೊಂದಿಗೆ ಹೋಲಿಸಿ ಖಚಿತಪಡಿಸಿಕೊಳ್ಳಿ.